ಸೆಳವಿನಲ್ಲಿ ದೋಣಿಯ ಹಿಡಿತ



ಇವತ್ತು ದೋಣಿಯ ಮಾತು ಆಡಬೇಕೆಂದಿದ್ದೇನೆ. "ನಾವು ಎರೆಹೊಲದವರು. ನಮಗೂ ದೋಣಿಗೂ ಏನು ಸಂಬಂಧರೀ?" ಎಂದು ನವಲಗುಂದ, ಅಣ್ಣಿಗೇರಿ ಕಡೆಯವರು ಕೇಳಬಹುದು. ಕೇಳತಕ್ಕ ಮಾತೇ. ಆದರೆ ಸುತ್ತಲೂ ಒಮ್ಮೆ ನೋಡಿರಿ. ಕುಂದಗೋಳದ ಸೀಮೆ ಹಾಯ್ದು ಬೆಣ್ಣೆಹಳ್ಳ ಬರುತ್ತದೆ, ನವಲಗುಂದ ತಾಲೂಕಿನಲ್ಲಿ ಯಮನೂರ ಮಗ್ಗುಲಿಗೆ ಹರಿದು ಮುಂದೆ ಮಲಪ್ರಭೆಯನ್ನು ಸೇರುತ್ತದೆ. ತುಪ್ಪರಿಹಳ್ಳವೂ ಅದಕ್ಕೇ ಬಂದು ಕೂಡುತ್ತದೆ. ಕಲಘಟಗಿಯವರಿಗೆ ಬೇಡ್ತಿ ಹೊಳೆ ಉಂಟು. ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರಿಗೆಂದು ಕಟ್ಟಿದ ನೀರಸಾಗರ ಉಂಟು. ಉತ್ತರಕ್ಕೆ ಸವದತ್ತಿ ಸೀಮೆಯಲ್ಲಿ ನವಿಲುತೀರ್ಥದ ಅಣೆಕಟ್ಟೆಯ ಹಿಂದೆ ಮಲಪ್ರಭೆಯ ನೀರು ಸಮುದ್ರದ ಹಾಗೆ ನಿಂತಿರುತ್ತದೆ. ಇಷ್ಟು ನೀರು ಇದ್ದ ಮೇಲೆ ಅದರಲ್ಲಿ ಮೀನು ಉಂಟು. ಮೀನು ಉಂಟೆಂದರೆ ಬಿತ್ತಿಗೆ ಮುಗಿಸಿ ಕೈ ಖಾಲಿ ಇರುವ ನಾಲ್ಕು ದಿನ ಯಾರದೋ ದೋಣಿ ಕೇಳಿ ಇಳಿಯುವ ಹುಡುಗರೂ ಉಂಟು.

ಹೊಳೆಯ ದಂಡೆಯಲ್ಲೇ ಹುಟ್ಟಿ ಬೆಳೆದ ಅಂಬಿಗರಿಗೆ ನಾನು ಹೇಳಬೇಕಾದದ್ದು ಏನೂ ಇಲ್ಲ. ಅವರಿಂದ ನಾವು ಕಲಿಯಬೇಕು. ನಾನು ಹೇಳುವುದು ವರ್ಷಕ್ಕೆ ನಾಲ್ಕು ಸಲ ದೋಣಿ ಹತ್ತುವ ನಮ್ಮಂಥವರಿಗೆ. ನಮಗೆ ಎತ್ತಿನ ಮನಸ್ಸು ತಿಳಿಯುತ್ತದೆ, ನೀರಿನ ಮನಸ್ಸು ತಿಳಿಯುವುದಿಲ್ಲ. ಅಪಾಯ ಇರುವುದು ಅಲ್ಲಿಯೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಾಕಾ ಮತ್ತು ಅವನ ಅಣ್ಣನ ಮಗ ಇಬ್ಬರೂ ಸಣ್ಣ ದೋಣಿಯಲ್ಲಿ ಹೊಳೆಗೆ ಇಳಿದರು. ನಡುಹೊಳೆಗೆ ಬಂದರು. ದೋಣಿ ನಿಲ್ಲವಲ್ಲದು, ಸೆಳವಿಗೆ ಸಿಕ್ಕು ಕೆಳಕ್ಕೆ ಜಾರುತ್ತಿದೆ. ಬಲೆ ಬಿಡಬೇಕಾದರೆ ದೋಣಿ ಒಂದು ಕಡೆ ನಿಲ್ಲಬೇಕು. ಹಗ್ಗಕ್ಕೆ ಕಟ್ಟಿದ ದೊಡ್ಡ ಕಲ್ಲನ್ನು ನೀರಿಗೆ ಹಾಕಬೇಕು.

"ಕಾಕಾ, ಹಗ್ಗದ ತುದಿ ಎಲ್ಲಿ ಕಟ್ಟಲಿ?"

"ಎಲ್ಲಿ ಆದ್ರೇನೋ ತಮ್ಮಾ, ಅಲ್ಲೇ ನಿನ್ನ ಮಗ್ಗಲ ಹಲಗಿಗೆ ಕಟ್ಟು. ಗಟ್ಟಿ ಬಿಗಿ ಮತ್ತ!"

ಹುಡುಗ ಮಗ್ಗುಲಿಗೆ ಕಟ್ಟಿದ. ಗಂಟಿನ ಮೇಲೆ ಗಂಟು ಹಾಕಿ ಬಿಗಿದ. ಕಲ್ಲು ತಳ ಹಿಡಿಯಿತು. ಹಗ್ಗ ಬಿಗಿಯಾಯಿತು. ದೋಣಿ ಗಕ್ಕನೆ ಅಡ್ಡ ತಿರುಗಿತು. ಮೇಲಿಂದ ಬರುವ ನೀರೆಲ್ಲ ಅದರ ಉದ್ದನೆಯ ಪಕ್ಕಕ್ಕೆ ಬಂದು ಒತ್ತಿತು. ಹಗ್ಗ ಆ ಪಕ್ಕವನ್ನೇ ಕೆಳಕ್ಕೆ ಜಗ್ಗಿತು. ಅಂಚು ನೀರಿಗೆ ತಾಗಿತು, ನೀರು ಒಳಕ್ಕೆ ನುಗ್ಗಿತು. ಗಂಟು ಬಿಚ್ಚೋಣವೆಂದರೆ ಸೆಳವಿನ ಬಲಕ್ಕೆ ಅದು ಕಲ್ಲಿನಂತೆ ಬಿಗಿದು ಕುಳಿತಿದೆ. ಇದೆಲ್ಲ ಆಗುವುದಕ್ಕೆ ಒಂದು ಬೀಡಿ ಹಚ್ಚುವಷ್ಟು ಹೊತ್ತು ಸಹ ಬೇಕಿಲ್ಲ.

ಈ ಅನಾಹುತಕ್ಕೆ ಹೊಳೆಯನ್ನು ಬೈದು ಫಲವಿಲ್ಲ. ಕಾಕಾ ಆಡಿದ ಎರಡು ಮಾತುಗಳು ಅವರನ್ನು ಮುಳುಗಿಸಿದವು. "ಎಲ್ಲಿ ಆದ್ರೇನು" ಎಂಬುದು ಒಂದು, "ಗಟ್ಟಿ ಬಿಗಿ" ಎಂಬುದು ಇನ್ನೊಂದು. ಹಗ್ಗ ಎಲ್ಲಿ ಕಟ್ಟಬೇಕು, ಎಷ್ಟು ಉದ್ದ ಬಿಡಬೇಕು, ಎಷ್ಟು ಬೇಗ ಬಿಚ್ಚಲು ಬರಬೇಕು, ಈ ಮೂರು ತಿಳಿದವನಿಗೆ ದೋಣಿ ಮಾತು ಕೇಳುತ್ತದೆ. ಒಂದೊಂದಾಗಿ ನೋಡೋಣ.

ಮೊದಲು ಸೆಳವಿನ ಬಲ ಎಷ್ಟೆಂದು ತಿಳಿಯಬೇಕು. ದೋಣಿ ಬಿಡುವ ಮುಂಚೆ ದಂಡೆಯ ಮೇಲೆ 10 ಮೀಟರಿಗೆ ಎರಡು ಕೋಲು ನೆಡಿರಿ. ಒಂದು ಜೋಳದ ದಂಟನ್ನು ಮೇಲಿನ ಕೋಲಿನ ನೇರಕ್ಕೆ ನೀರಿಗೆ ಎಸೆಯಿರಿ. ಗಡಿಯಾರ ಹಿಡಿದು ಕೆಳಗಿನ ಕೋಲಿಗೆ ಎಷ್ಟು ಹೊತ್ತಿಗೆ ಬಂತೆಂದು ನೋಡಿರಿ. 20 ಸೆಕೆಂಡಿಗೆ ಬಂದರೆ ಸೆಳವು ಸೆಕೆಂಡಿಗೆ ಅರ್ಧ ಮೀಟರ್. 10 ಸೆಕೆಂಡಿಗೇ ಬಂದರೆ ಸೆಕೆಂಡಿಗೆ ಒಂದು ಮೀಟರ್. "ಹಾಗಾದರೆ ಬಲ ಎರಡು ಪಟ್ಟು ಆಯಿತಲ್ಲ?" ಅನ್ನುತ್ತೀರಿ. ಇಲ್ಲ, ಇಲ್ಲಿಯೇ ಲೆಕ್ಕ ತಪ್ಪುವುದು. ನೀರಿನ ವೇಗ ಎರಡು ಪಟ್ಟಾದರೆ ಅದು ದೋಣಿಯನ್ನು ನೂಕುವ ಬಲ ನಾಲ್ಕು ಪಟ್ಟಾಗುತ್ತದೆ. ಮೂರು ಪಟ್ಟಾದರೆ ಒಂಬತ್ತು ಪಟ್ಟು. ಆದ್ದರಿಂದಲೇ ನಿನ್ನೆ ದೋಣಿಯನ್ನು ಹಿಡಿದು ನಿಂತ ಕಲ್ಲು ಇವತ್ತು ನಿಲ್ಲುವುದಿಲ್ಲ. ದಂಟು 10 ಸೆಕೆಂಡಿಗೆ ಮುಂಚೆಯೇ ಕೆಳಗಿನ ಕೋಲು ಮುಟ್ಟಿದರೆ, ಅನುಭವ ಇಲ್ಲದವರು ಅವತ್ತು ನಡುಹೊಳೆಯಲ್ಲಿ ದೋಣಿ ನಿಲ್ಲಿಸುವ ಹವ್ಯಾಸಕ್ಕೆ ಹೋಗಬೇಡಿರಿ. ದಂಡೆಯಿಂದಲೇ ಗಾಳ ಹಾಕಿರಿ.

ಸೆಳವು ಹೊಳೆಯ ಎಲ್ಲ ಕಡೆಗೂ ಒಂದೇ ಸಮ ಇರುವುದಿಲ್ಲ. ನೇರ ಹರಿವಿನಲ್ಲಿ ನಡುವೆ ಹೆಚ್ಚು, ದಂಡೆಗೆ ಕಡಿಮೆ. ತಿರುವಿನಲ್ಲಿ ಹೊರದಂಡೆಗೆ ನೀರು ಅಪ್ಪಳಿಸಿ ಓಡುತ್ತದೆ, ಅಲ್ಲಿ ಆಳವೂ ಹೆಚ್ಚು. ಒಳದಂಡೆಗೆ ಸಾವಕಾಶ, ಅಲ್ಲಿ ಉಸುಕು ಬಿದ್ದಿರುತ್ತದೆ. ದೊಡ್ಡ ಬಂಡೆಯ ಹಿಂದೆ ನೀರು ಹೆಚ್ಚುಕಡಿಮೆ ನಿಂತಂತೆಯೇ ಇರುತ್ತದೆ. ಇನ್ನು ಸಂತೋಷದ ಮಾತು ಕೇಳಿರಿ. ಮೀನಿಗೂ ಸೆಳವಿಗೆ ಎದುರಾಗಿ ಈಜಿ ಈಜಿ ದಣಿಯುವುದು ಬೇಡ. ಅದು ಸಾವಕಾಶ ನೀರಿನ ಅಂಚಿನಲ್ಲಿ ನಿಂತು, ಪಕ್ಕದ ಸೆಳವು ಹೊತ್ತು ತರುವ ಆಹಾರಕ್ಕೆ ಕಾಯುತ್ತದೆ. ಅಂದ ಮೇಲೆ ನಡುಹೊಳೆಯಲ್ಲಿ ಜೀವ ಪಣಕ್ಕಿಟ್ಟು ನಿಲ್ಲುವುದೇಕೆ? ಸಾವಕಾಶ ನೀರಿನಲ್ಲಿ ದೋಣಿ ನಿಲ್ಲಿಸಿ ಸೆಳವಿನ ಅಂಚಿಗೆ ಗಾಳ ಬಿಡಿರಿ. ಜೀವಕ್ಕೂ ಕ್ಷೇಮ, ಬುಟ್ಟಿಗೂ ಮೀನು.

ಈಗ ಹಗ್ಗದ ಮಾತಿಗೆ ಬರೋಣ. ಹಗ್ಗ ಎಲ್ಲಿ ಕಟ್ಟಬೇಕು? ದೋಣಿಯ ಮೂತಿಗೆ, ಅಂದರೆ ಚೂಪಾದ ಮುಂಭಾಗಕ್ಕೆ ಮಾತ್ರ. ಮಗ್ಗುಲಿಗೆ ಕೂಡದು, ಹಿಂದಕ್ಕೂ ಕೂಡದು. ಎತ್ತನ್ನು ಮೂಗುದಾರದಿಂದ ಹಿಡಿಯುತ್ತೀರೋ, ಬಾಲದಿಂದ ಹಿಡಿಯುತ್ತೀರೋ? ಮೂಗುದಾರ ಹಿಡಿದರೆ ಎಂಥ ಎತ್ತೂ ನಿಮಗೆ ಮುಖ ಕೊಟ್ಟು ನಿಲ್ಲುತ್ತದೆ. ದೋಣಿಯೂ ಹಾಗೆಯೇ. ಮೂತಿಗೆ ಕಟ್ಟಿದರೆ ಅದು ಸೆಳವಿಗೆ ಮುಖ ಮಾಡಿ ನಿಲ್ಲುತ್ತದೆ. ನೀರು ಚೂಪಾದ ಮೂತಿಗೆ ತಾಗಿ ಎರಡು ಕಡೆಗೆ ಸೀಳಿ ಹೋಗುತ್ತದೆ. ದೋಣಿಯ ಹಿಂಭಾಗ ಚಪ್ಪಟೆ ಇರುತ್ತದೆ, ತಗ್ಗೂ ಇರುತ್ತದೆ. ಅಲ್ಲಿ ಕಟ್ಟಿದರೆ ನೀರು ಆ ಚಪ್ಪಟೆಗೆ ಬಡಿದು ನೇರ ಒಳಕ್ಕೆ ಬರುತ್ತದೆ. ಮೂತಿಗೆ ಕಟ್ಟಿದ ಮೇಲೆ ಅದರ ಮೇಲೆಯೇ ಹೋಗಿ ಕೂಡಬೇಡಿರಿ. ನಡುವಿಗೆ ಕುಳಿತು ಮೂತಿಯನ್ನು ಹಗುರ ಇಡಿರಿ.

ಹಗ್ಗ ಎಷ್ಟು ಉದ್ದ ಇರಬೇಕು? ಇದನ್ನು ನಿಮಗೆ ರಂಟೆಯ ಮೇಲಿಂದ ಹೇಳುತ್ತೇನೆ. ರಂಟೆಯನ್ನು ನೊಗಕ್ಕೆ ತೀರ ಗಿಡ್ಡಾಗಿ ಕಟ್ಟಿದರೆ ಏನಾಗುತ್ತದೆ? ಎತ್ತು ಜಗ್ಗಿದಂತೆಲ್ಲ ಕುಳ ಮೇಲಕ್ಕೆ ಏಳುತ್ತದೆ, ನೆಲ ಕಚ್ಚುವುದಿಲ್ಲ. ಉದ್ದ ಬಿಟ್ಟು ಕಟ್ಟಿದರೆ ಕುಳ ನೆಲದೊಳಕ್ಕೆ ಇಳಿಯುತ್ತದೆ. ಲಂಗರಿನ ಗತಿಯೂ ಇಷ್ಟೇ. ಹಗ್ಗ ಗಿಡ್ಡಾದರೆ ದೋಣಿ ಲಂಗರನ್ನು ಮೇಲಕ್ಕೆ ಎತ್ತುತ್ತದೆ, ದೋಣಿಯ ಮೂತಿಯನ್ನು ಕೆಳಕ್ಕೆ ಅದುಮುತ್ತದೆ. ಹಗ್ಗ ಉದ್ದವಾದರೆ ಜಗ್ಗು ಅಡ್ಡಕ್ಕೆ ಬಿದ್ದು ಲಂಗರು ತಳ ಕಚ್ಚುತ್ತದೆ. ಹರಿಯುವ ನೀರಿನಲ್ಲಿ ಆಳದ ಏಳು ಪಟ್ಟು ಹಗ್ಗ ಬಿಡಬೇಕು. ಆಳ 2 ಮೀಟರ್ ಇದ್ದರೆ ಹಗ್ಗ 14 ಮೀಟರ್. ಮಾರಿನ ಲೆಕ್ಕದವರು ಒಂದು ಮಾರು ಆಳಕ್ಕೆ ಏಳು ಮಾರು ಹಗ್ಗ ಎಂದು ನೆನಪಿಡಿರಿ. ಲಂಗರಿಗೂ ಹಗ್ಗಕ್ಕೂ ನಡುವೆ ಎರಡು ಮೀಟರ್ ಕಬ್ಬಿಣದ ಸರಪಳಿ ಇದ್ದರೆ ಇನ್ನೂ ಒಳ್ಳೆಯದು. ಅದರ ಭಾರಕ್ಕೆ ಹಗ್ಗದ ತುದಿ ತಳದಲ್ಲಿಯೇ ಮಲಗಿರುತ್ತದೆ. ಬರಿಯ ಕಲ್ಲು ಎರೆಮಣ್ಣಿನ ನುಣ್ಣನೆಯ ರಾಡಿಯಲ್ಲಿ ಜಾರುತ್ತದೆ. ಅದಕ್ಕೆ ಕೊಕ್ಕೆಯ ಲಂಗರು ಮೇಲು.

ಮೂರನೆಯದು ಬಿಚ್ಚುವ ಮಾತು. ಇದು ಎಲ್ಲಕ್ಕಿಂತ ದೊಡ್ಡದು. ಕಟ್ಟುವ ಮುಂಚೆ ಬಿಚ್ಚುವುದನ್ನು ಕಲಿತಿರಬೇಕು. ಹಗ್ಗದ ತುದಿ ಹಿಡಿದು ಒಮ್ಮೆ ಜಗ್ಗಿದರೆ ಪೂರಾ ಬಿಚ್ಚಿ ಹೋಗುವ ಜಾರುಗಂಟು ಹಾಕಿರಿ. ದನವನ್ನು ಗೂಟಕ್ಕೆ ಕಟ್ಟಿ, ಬಿಡುವಾಗ ಒಂದೇ ಎಳೆತಕ್ಕೆ ಬಿಚ್ಚುವವರಿಗೆ ಈ ಗಂಟು ಹೊಸದೇನಲ್ಲ. ಮನೆಯಲ್ಲಿ ಕಂಬಕ್ಕೆ ಕಟ್ಟಿ, ಕಣ್ಣು ಮುಚ್ಚಿ ಬಿಚ್ಚುವಷ್ಟು ರೂಢಿ ಮಾಡಿರಿ. ಅದರ ಮೇಲೆ ಹರಿತಾದ ಒಂದು ಚಾಕು ಅಥವಾ ಕುಡುಗೋಲು ಕೈಗೆ ಎಟುಕುವ ಜಾಗದಲ್ಲಿ ಇರಲೇಬೇಕು. ಗೋಣಿಚೀಲದ ಅಡಿಗೆ ಇಟ್ಟ ಚಾಕು ಇದ್ದೂ ಇಲ್ಲದಂತೆ.

"ಹಗ್ಗ ಕೊಯ್ದರೆ ಲಂಗರು ಹೋಗುತ್ತದಲ್ಲ, ರೊಕ್ಕದ ಬಾಬು!" ಎನ್ನುವವರೂ ಇದ್ದಾರೆ. ಈ ಆಸೆಯೇ ಕೈಯನ್ನು ತಡೆದು ನಿಲ್ಲಿಸುತ್ತದೆ. ಅದಕ್ಕೊಂದು ಉಪಾಯ ಉಂಟು. ಹಗ್ಗದ ಈಚೆಯ ತುದಿಗೆ ಬೂಚು ಬಿಗಿದ ಖಾಲಿ ಎಣ್ಣೆಯ ಡಬ್ಬಿಯನ್ನೋ, ಒಣಗಿದ ಸೋರೆಬುರುಡೆಯನ್ನೋ ಕಟ್ಟಿಡಿರಿ. ಅಪಾಯ ಬಂತೆಂದರೆ ಗಂಟು ಜಗ್ಗಿ ಎಲ್ಲವನ್ನೂ ನೀರಿಗೆ ಬಿಟ್ಟುಬಿಡಿರಿ. ಡಬ್ಬಿ ತೇಲುತ್ತ ಅಲ್ಲಿಯೇ ಇರುತ್ತದೆ. ಸೆಳವು ಇಳಿದ ಮೇಲೆ ಬಂದು ಎತ್ತಿಕೊಳ್ಳಬಹುದು.

ಲಂಗರು ಹಾಕುವುದಕ್ಕೂ ಕ್ರಮ ಉಂಟು. ನಿಲ್ಲಬೇಕೆಂದ ಜಾಗಕ್ಕಿಂತ ಮೇಲಕ್ಕೆ ಹುಟ್ಟು ಹಾಕುತ್ತ ಹೋಗಿ, ಮೂತಿಯನ್ನು ಸೆಳವಿಗೆ ಎದುರು ಮಾಡಿರಿ. ಒಬ್ಬನು ಹುಟ್ಟು ಬಿಡಬಾರದು. ಇನ್ನೊಬ್ಬನು ಕುಳಿತೇ ಲಂಗರನ್ನು ಸಾವಕಾಶ ಇಳಿಸಬೇಕು. ಎದ್ದು ನಿಂತು ಬೀಸಿ ಒಗೆಯಬಾರದು. ಹಗ್ಗದ ಸುರುಳಿಯಲ್ಲಿ ಯಾರ ಕಾಲೂ ಇರಬಾರದು. ದೋಣಿ ಹಿಂದಕ್ಕೆ ಸರಿದಂತೆ ಹಗ್ಗ ಬಿಡುತ್ತ ಹೋಗಿ, ಏಳು ಪಟ್ಟು ಆದ ಮೇಲೆ ಮೂತಿಗೆ ಜಾರುಗಂಟು ಹಾಕಿರಿ. ನಿಂತ ಮೇಲೆ ದಂಡೆಯ ಒಂದು ಗಿಡ, ಅದರ ಹಿಂದಿನ ಒಂದು ಗುಡಿಯ ಶಿಖರ, ಹೀಗೆ ಎರಡು ಗುರುತು ಸಾಲು ಹಿಡಿದು ನೋಡಿರಿ. ಅವು ಒಂದಕ್ಕೊಂದು ಸರಿಯುತ್ತಿದ್ದರೆ ಲಂಗರು ಜಾರುತ್ತಿದೆ ಎಂದು ಅರ್ಥ.

ಲಂಗರು ತಳದಲ್ಲಿ ಸಿಕ್ಕಿಬಿದ್ದರೆ ಪಕ್ಕದಿಂದಾಗಲಿ ಹಿಂದಿನಿಂದಾಗಲಿ ಜಗ್ಗಬೇಡಿರಿ. ಹುಟ್ಟು ಹಾಕಿ ಅದರ ಮೇಲ್ಗಡೆಗೆ ಹೋಗಿ ಅಲ್ಲಿಂದ ಎತ್ತಿದರೆ ಬಿಡುತ್ತದೆ. ಸೆಳವು ಜೋರಿದ್ದು ಮೇಲಕ್ಕೆ ಹೋಗಲು ಆಗದಿದ್ದರೆ ಡಬ್ಬಿ ಸಮೇತ ಬಿಟ್ಟುಬಿಡಿರಿ.

ಎಲ್ಲ ಕಡೆಗೂ ಲಂಗರೇ ಬೇಕೆಂದಿಲ್ಲ. ಸಾವಕಾಶ ಸೆಳವಿನಲ್ಲಿ ಮೂತಿಯನ್ನು ಮೇಲ್ಗಡೆಗೆ ಇಟ್ಟುಕೊಂಡು, ಸೆಳವಿಗಿಂತ ತುಸು ಕಡಿಮೆ ಬಲದಿಂದ ಎದುರಿಗೆ ಹುಟ್ಟು ಹಾಕುತ್ತ ಇದ್ದರೆ ದೋಣಿ ಮೆಲ್ಲಗೆ ಕೆಳಗೆ ಇಳಿಯುತ್ತದೆ. ಇಳಿಜಾರಿನಲ್ಲಿ ಚಕ್ಕಡಿಯ ಎತ್ತನ್ನು ಹಿಂದಕ್ಕೆ ಹಿಡಿದು ಇಳಿಸುವಂತೆ ಇದು. ಒಬ್ಬ ಹುಟ್ಟು ಹಿಡಿದರೆ ಒಬ್ಬ ಗಾಳ ಹಿಡಿಯಬಹುದು. ತಳ ಬರಿಯ ಉಸುಕಾಗಿದ್ದರೆ ಮೂತಿಯಿಂದ ಒಂದು ಗಿಡ್ಡ ಸರಪಳಿಯನ್ನು ಎಳೆಯಬಿಟ್ಟು ಸಹ ದೋಣಿಯ ಓಟ ತಗ್ಗಿಸಬಹುದು. ಆದರೆ ಬಂಡೆ, ಗಿಡದ ಬೊಡ್ಡೆ, ಹಳೆಯ ಬಾವಿಯ ಕಟ್ಟೆ ಇರುವ ಕಡೆ ಈ ಕೆಲಸ ಬೇಡ. ಸರಪಳಿ ಸಿಕ್ಕಿತೆಂದರೆ ಓಡುವ ದೋಣಿ ಗಕ್ಕನೆ ನಿಂತು ಮುಗ್ಗರಿಸುತ್ತದೆ.

ನೀರಸಾಗರ, ನವಿಲುತೀರ್ಥದ ಹಿನ್ನೀರು, ದೊಡ್ಡ ಕೆರೆ, ಇಂಥ ನಿಂತ ನೀರಿನಲ್ಲಿ ಸೆಳವಿಲ್ಲ, ಗಾಳಿ ಉಂಟು. ನಮ್ಮ ಬಯಲುಸೀಮೆಯಲ್ಲಿ ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತದೆ. ಪಡುವಣ ದಂಡೆಯಲ್ಲಿ ನಿಂತು ನೋಡಿದರೆ ನೀರು ಶಾಂತ ಕಾಣುತ್ತದೆ. ಅದನ್ನು ನಂಬಿ ಒಳಕ್ಕೆ ಹೋದಂತೆ ತೆರೆ ದೊಡ್ಡದಾಗುತ್ತದೆ. ಗಾಳಿ ಬೆನ್ನಿಗೆ ಇರುವುದರಿಂದ ಹೋಗುವುದು ಹಗುರ, ಬರುವಾಗ ಅದೇ ಗಾಳಿ ಎದೆಗೆ. ಆದ್ದರಿಂದ ಹೊರಡುವಾಗಲೇ ಗಾಳಿಗೆ ಎದುರಾಗಿ ಹೋಗಿರಿ, ದಣಿದು ಬರುವಾಗ ಅದು ನಿಮ್ಮನ್ನು ದಂಡೆಗೆ ತರುತ್ತದೆ. ನಡುನೀರಿನಲ್ಲಿ ಗಾಳಿಗೆ ದೋಣಿ ಜಾರುತ್ತಿದ್ದರೆ, ಹಗ್ಗ ಕಟ್ಟಿದ ಒಂದು ಬಕೀಟನ್ನೋ, ಬಾಯಿ ತೆರೆದಿಟ್ಟ ಗೋಣಿಚೀಲವನ್ನೋ ಮೂತಿಯಿಂದ ನೀರಿಗೆ ಬಿಡಿರಿ. ಅದು ನೀರು ತುಂಬಿಕೊಂಡು ಹಿಂದಕ್ಕೆ ಹಿಡಿಯುತ್ತದೆ. ದೋಣಿ ತೆರೆಗೆ ಮುಖ ಮಾಡಿ ಸಾವಕಾಶ ಸರಿಯುತ್ತದೆ. ಹರಿಯುವ ಹೊಳೆಯಲ್ಲಿ ಮಾತ್ರ ಇದನ್ನು ಮಾಡಬೇಡಿರಿ. ಬಕೀಟೂ ನೀರಿನ ಜೊತೆಗೇ ಓಡುತ್ತದೆ.

ಹರಗೋಲು ಇಟ್ಟವರಿಗೆ ಒಂದು ಮಾತು. ಅದು ಬುಟ್ಟಿಯ ಹಾಗೆ ದುಂಡಗೆ, ಅದಕ್ಕೆ ಮೂತಿಯೂ ಇಲ್ಲ, ಹಿಂದೂ ಇಲ್ಲ. ಸೆಳವಿಗೆ ಸಿಕ್ಕರೆ ಗಿರಗಿರ ತಿರುಗುತ್ತದೆ, ಗಾಳಿಗೆ ತರಗೆಲೆಯಂತೆ ಓಡುತ್ತದೆ. ಜೋರು ಸೆಳವಿನಲ್ಲಿ ಹರಗೋಲನ್ನು ಲಂಗರಿಗೆ ಕಟ್ಟಲೇಬೇಡಿರಿ. ಸಾವಕಾಶ ನೀರಿನಲ್ಲಿ ಕಟ್ಟಿದರೆ, ಹಗ್ಗ ಇರುವ ಅಂಚಿಗೆ ಕೂಡದೆ ಎದುರು ಅಂಚಿನ ಕಡೆಗೆ ಭಾರ ಇಡಿರಿ.

ಬೀಸುಬಲೆಯವರು ಬಲೆಯ ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳುತ್ತಾರೆ. ದಂಡೆಯಲ್ಲಿ ಅದು ನಡೆದೀತು. ದೋಣಿಯಲ್ಲಿ ಕೂಡದು. ಬಲೆ ಬೊಡ್ಡೆಗೆ ಸಿಕ್ಕಿ, ದೋಣಿ ಕೆಳಕ್ಕೆ ಜಾರಿತೆಂದರೆ ದಾರ ನಿಮ್ಮನ್ನೇ ನೀರಿಗೆ ಜಗ್ಗುತ್ತದೆ. ದಾರವನ್ನು ಮುಷ್ಟಿಯಲ್ಲಿ ಹಿಡಿಯಿರಿ, ಬಿಡಬೇಕೆಂದಾಗ ಬಿಡಿರಿ. ಧೋತರ ಉಟ್ಟವರು ಕಚ್ಚೆ ಬಿಗಿದು ಕಟ್ಟಿರಿ. ಬಲೆಯನ್ನು ಕಾಲಡಿಗೆ ಹರವಿಡದೆ ಬುಟ್ಟಿಯಲ್ಲಿಡಿರಿ. ತೇಲುವ ಅಂಗಿಯನ್ನು, ಅದೇ ಲೈಫ್ ಜಾಕೆಟ್ ಅನ್ನುತ್ತಾರಲ್ಲ, ಅದನ್ನು ದೋಣಿಯಲ್ಲಿ ಇಟ್ಟರೆ ಸಾಲದು, ಮೈಮೇಲೆ ತೊಟ್ಟಿರಬೇಕು. ಕುಡಿದವನನ್ನು ದೋಣಿಗೆ ಹತ್ತಿಸಬೇಡಿರಿ, ಅವನು ನಿಮ್ಮ ಬೀಗನಾದರೂ ಸರಿಯೇ.

ಎಷ್ಟು ಜಾಣತನ ಕಲಿತರೂ ದೋಣಿ ಇಳಿಸಬಾರದ ಜಾಗಗಳು ಕೆಲವು. ನವಲಗುಂದ ಸೀಮೆಯ ಮಲಪ್ರಭಾ ಬಲದಂಡೆಯ ಕಾಲುವೆ ಅಂಥದ್ದು. ನೀರು ಒಂದೇ ಸಮ ಓಡುತ್ತಿರುತ್ತದೆ, ಇಳಿಜಾರು ದಂಡೆ ಪಾಚಿ ಹಿಡಿದು ಜಾರುತ್ತದೆ, ಬಿದ್ದವನಿಗೆ ಹಿಡಿಯಲು ಬೇರೂ ಇಲ್ಲ, ಕಲ್ಲೂ ಇಲ್ಲ. ಬಾಂದಾರದ ಹತ್ತಿರವೂ ಹೋಗಬೇಡಿರಿ. ಬಾಂದಾರ ಹಾರಿ ಬಿದ್ದ ನೀರು ಅಡಿಯಲ್ಲಿ ಹಿಂದಕ್ಕೆ ಹೊರಳುತ್ತದೆ; ಅಲ್ಲಿ ಸಿಕ್ಕ ದೋಣಿಯನ್ನೂ ಮನುಷ್ಯನನ್ನೂ ಅದು ಹೊರಗೆ ಬಿಡುವುದಿಲ್ಲ.

ಇನ್ನು ಬೆಣ್ಣೆಹಳ್ಳ. ಹೆಸರು ಬೆಣ್ಣೆ, ಮಳೆಗಾಲದಲ್ಲಿ ಅದರ ಗುಣ ಬೇರೆ. ಎರೆಭೂಮಿ ತೊಯ್ದು ತುಂಬಿದ ಮೇಲೆ ನೀರು ಕುಡಿಯುವುದಿಲ್ಲ, ಬಿದ್ದ ಮಳೆಯೆಲ್ಲ ಹಳ್ಳಕ್ಕೆ ಓಡುತ್ತದೆ. ಮೇಲೆ ಕುಂದಗೋಳದ ಕಡೆ ಮಳೆ ಹೊಡೆದರೆ, ನವಲಗುಂದದಲ್ಲಿ ಬಿಸಿಲು ಬಿದ್ದಿರುವಾಗಲೇ ಹಳ್ಳ ಏರಿ ಬರುತ್ತದೆ. 2009ರಲ್ಲಿ, ಮತ್ತೆ 2019ರಲ್ಲಿ ಈ ಹಳ್ಳ ಹೊಲ ಊರುಗಳಿಗೆ ನುಗ್ಗಿದ್ದನ್ನು ಕಂಡವರು ನಿಮ್ಮಲ್ಲಿಯೇ ಇದ್ದೀರಿ. ನೀರಿನ ಬಣ್ಣ ಏಕಾಏಕಿ ಬದಲಾದರೆ, ಕಸಕಡ್ಡಿ ನೊರೆ ತೇಲಿ ಬಂದರೆ, ದಂಡೆಯ ಕಲ್ಲು ಮುಳುಗಿದರೆ ಬಲೆಯ ಆಸೆ ಬಿಟ್ಟು ದಂಡೆ ಸೇರಿರಿ. ಮಲಪ್ರಭೆಗೆ ಅಣೆಕಟ್ಟೆಯಿಂದ ನೀರು ಬಿಡುವ ಸುದ್ದಿ ಇದ್ದ ದಿನ ದೋಣಿಯ ಮಾತೇ ಬೇಡ. ಹೊಸನೀರಿಗೆ ಮೀನು ಏರುವುದು ಮೊಟ್ಟೆ ಇಡುವುದಕ್ಕೆ. ಅದನ್ನು ಹಿಡಿಯುವುದು ಬಿತ್ತುವ ಬೀಜವನ್ನೇ ಹುರಿದು ತಿಂದಂತೆ. ಹೊಳೆ, ಜಲಾಶಯಗಳಲ್ಲಿ ಯಾವಾಗ, ಎಲ್ಲಿ, ಯಾವ ಪರವಾನಿಗೆಯ ಮೇಲೆ ಮೀನು ಹಿಡಿಯಬಹುದು ಎಂಬುದನ್ನು ಮೀನುಗಾರಿಕೆ ಇಲಾಖೆಯಲ್ಲಿ ಮೊದಲೇ ಕೇಳಿ ತಿಳಿಯಿರಿ.

ಇಷ್ಟಾದರೂ ಕೇಡು ಬರಬಹುದು. ದೋಣಿ ಅಡ್ಡ ತಿರುಗಿ ಗಿಡಕ್ಕೋ ಬಂಡೆಗೋ ಹೋಗಿ ತಾಗಿದರೆ ಹೆದರಿ ಹಿಂದಕ್ಕೆ ಸರಿಯಬೇಡಿರಿ. ತಾಗಿದ ಬಂಡೆಯ ಕಡೆಗೇ ಒರಗಿರಿ. ಹಿಂದಕ್ಕೆ ಸರಿದರೆ ಮೇಲ್ಗಡೆಯ ಅಂಚು ತಗ್ಗಿ ನೀರು ಒಳಬರುತ್ತದೆ. ದೋಣಿ ಮಗುಚಿದರೆ ಅದನ್ನೇ ಹಿಡಿದುಕೊಳ್ಳಿರಿ, ಆದರೆ ನೀರು ಬರುವ ಮೇಲ್ಮಗ್ಗುಲಿಗೆ ಇರಿ. ಕೆಳಮಗ್ಗುಲಿಗೆ ಇದ್ದರೆ ದೋಣಿಗೂ ಬಂಡೆಗೂ ನಡುವೆ ಸಿಕ್ಕೀರಿ. ಸೆಳವಿನಲ್ಲಿ ಒಬ್ಬರೇ ತೇಲುವಾಗ ಅಂಗಾತ ಮಲಗಿ, ಕಾಲನ್ನು ಮುಂದೆ ಮಾಡಿ ಮೇಲೆತ್ತಿ ಇಡಿರಿ. ನಿಲ್ಲಲು ಹೋದರೆ ಕಲ್ಲಿನ ಸಂದಿಯಲ್ಲಿ ಕಾಲು ಸಿಕ್ಕುತ್ತದೆ.

ದಂಡೆಯಲ್ಲಿದ್ದವರು ಹಿಂದುಮುಂದು ನೋಡದೆ ನೀರಿಗೆ ಹಾರಬೇಡಿರಿ. ಒಬ್ಬನ ಬದಲು ಇಬ್ಬರನ್ನು ಕಳೆದುಕೊಂಡ ಊರುಗಳು ಬಹಳ. ಹಗ್ಗ, ಖಾಲಿ ಕೊಡ, ಗಳ, ಕಡೆಗೆ ತಲೆಯ ರುಮಾಲು, ಏನು ಸಿಕ್ಕರೂ ಅದನ್ನು ಎಸೆದು ಎಳೆಯಿರಿ. 112ಕ್ಕೆ ಇಲ್ಲವೆ 108ಕ್ಕೆ ಫೋನ್ ಮಾಡಿಸಿರಿ. ಮೇಲೆ ತಂದವನಿಗೆ ಉಸಿರು ಇಲ್ಲದಿದ್ದರೆ ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಬೇಡ. ಅಂಗಾತ ಮಲಗಿಸಿ, ಗದ್ದ ಮೇಲೆತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿ ಇಟ್ಟು ಎರಡು ಸಲ ಉಸಿರು ಊದಿರಿ. ಆಮೇಲೆ ಎದೆಯ ನಡುವೆ 30 ಸಲ ಬಲವಾಗಿ, ಬೇಗ ಬೇಗ ಒತ್ತಿರಿ. ಮತ್ತೆ ಎರಡು ಉಸಿರು, ಮತ್ತೆ 30 ಒತ್ತು. ದವಾಖಾನೆಯವರು ಬರುವವರೆಗೆ ಬಿಡಬೇಡಿರಿ.

ತಾಯಂದಿರೇ, ನಿಮ್ಮ ಪಾಲಿನ ಕೆಲಸವೂ ಉಂಟು. ಹೊಳೆಗೆ ಹೋಗುವವರನ್ನು ಎರಡು ಮಾತು ಕೇಳಿರಿ: ಯಾವ ಜಾಗಕ್ಕೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ? ಹೇಳಿದ ಹೊತ್ತು ಮೀರಿದರೆ ಕತ್ತಲಾಗಲಿ ಎಂದು ಕಾಯದೆ ಮಂದಿಯನ್ನು ಕಳಿಸಿರಿ.

ಕಡೆಗೆ ನಮ್ಮ ಕಾಕಾ ಮತ್ತು ಹುಡುಗನನ್ನು ಇನ್ನೊಮ್ಮೆ ಹೊಳೆಗೆ ಕಳಿಸೋಣ. ಈ ಸಲ ದಂಟು ಎಸೆದು ಸೆಳವು ನೋಡಿದ್ದಾರೆ. ಸಾವಕಾಶ ನೀರಿನ ಅಂಚಿಗೆ ಬಂದಿದ್ದಾರೆ.

"ಕಾಕಾ, ಹಗ್ಗ ಎಲ್ಲಿ ಕಟ್ಟಲಿ?"

"ಮೂತಿಗೆ ಕಟ್ಟೋ ತಮ್ಮಾ. ಉದ್ದ ಬಿಟ್ಟಿ ಹೌದಿಲ್ಲೋ? ಹಾಂ, ಈಗ ಒಮ್ಮೆ ಬಿಚ್ಚಿ ತೋರಸು ನೋಡೂಣು."

ಹುಡುಗ ಒಂದೇ ಎಳೆತಕ್ಕೆ ಬಿಚ್ಚಿ ತೋರಿಸಿದ. ಮತ್ತೆ ಕಟ್ಟಿದ. ಆಮೇಲೆಯೇ ಇಬ್ಬರೂ ಗಾಳಕ್ಕೆ ಕೈ ಹಾಕಿದರು. ಅವತ್ತು ಮೀನು ಸಿಕ್ಕರೂ ಸರಿ, ಸಿಗದಿದ್ದರೂ ಸರಿ, ಸಂಜೆಯ ರೊಟ್ಟಿಗೆ ಇಬ್ಬರೂ ಮನೆಯಲ್ಲಿ ಕುಳಿತಿರುತ್ತಾರೆ.